ಫ್ರಾಕಿನ ಅಂಚು

ನವೆಂಬರ್ ೬

ಅತ್ತೆ,

ಬಂದು ಸೇರಿದ್ದೇನೆ. ಬಸ್ಸಿನಲ್ಲಿ ವಾಂತಿ ಆಗಲಿಲ್ಲ, ನೀವು ಕೊಟ್ಟ ನಿಂಬೆಹಣ್ಣು ಮೂಸುತ್ತಲೇ ಬಂದೆ. ಫೋನ್ ಮಾಡಲಿಲ್ಲ ಅಂತ ಬೈಯಬೇಡಿ. ಇಲ್ಲಿ ಗೇಟಿನಲ್ಲೇ ಎಲ್ಲರ ಫೋನು ತೆಗೆದುಕೊಂಡು ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಾರೆ. ಇದ್ದರೂ ಯಾರಿಗೆ ಮಾಡಲಿ, ನಿಮ್ಮದು ಅಡವಿಟ್ಟ ಅಂಗಡಿಯಲ್ಲೇ ಕೂತಿದೆ. ಹಾಗಾಗಿ ಕಾಗದ. ನಿಮ್ಮ ಮಗ ತೀರಿಕೊಂಡ ಮೇಲೆ ನಾನು ಪೆನ್ನು ಹಿಡಿದದ್ದು ಇದೇ ಮೊದಲು.

ಇಲ್ಲಿ ಏನು ಮಾಡುತ್ತಾರೆ ಗೊತ್ತಾ? ನಮ್ಮ ಮಗಳು ಬಟಾಣಿಗೆ ಮಕ್ಕಳ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಕೊಡುತ್ತಾರಲ್ಲ, ಹಳದಿ ಚೀಟಿ ಅಂಟಿಸಿದ ಹಿಟ್ಟಿನ ಪೊಟ್ಟಣ, ಅದನ್ನೇ. ಒಂದು ಕಡೆ ಕಾಳು ಹುರಿಯುವ ದೊಡ್ಡ ಡ್ರಮ್ಮು, ಪಕ್ಕದಲ್ಲಿ ಬೀಸುವ ಯಂತ್ರ, ಕೊನೆಯಲ್ಲಿ ನಾವು ಹೆಂಗಸರು. ತಲೆಗೆ ಟೋಪಿ, ಮೂಗಿಗೆ ಬಟ್ಟೆ. ಪೊಟ್ಟಣದ ಬಾಯಿಯನ್ನು ಕಾದ ಪಟ್ಟಿಯ ನಡುವೆ ಇಟ್ಟು ಕಾಲಿನಿಂದ ತುಳಿದರೆ ಮುಚ್ಚಿಕೊಳ್ಳುತ್ತದೆ. ನಿಮ್ಮ ಹೊಲಿಗೆ ಯಂತ್ರ ತುಳಿದ ಅಭ್ಯಾಸಕ್ಕೆ ಮೊದಲ ದಿನವೇ ಸೈ ಅನ್ನಿಸಿಕೊಂಡೆ. ಒಂದೊಂದು ಪೊಟ್ಟಣ ಮುಚ್ಚುವಾಗಲೂ ಇದು ನಮ್ಮವಳ ಕೈಗೇ ಹೋಗಲಿ ಅಂದುಕೊಳ್ಳುತ್ತೇನೆ. ಹುಚ್ಚು ಅಂತ ಗೊತ್ತು.

ಸಂಬಳದ ವಿಷಯ ಮಾತ್ರ ಬೇರೆಯೇ ಇದೆ. ಮೊದಲ ಮೂರು ತಿಂಗಳದ್ದನ್ನು ಕೊನೆಗೆ ಒಟ್ಟಿಗೆ ಕೊಡುತ್ತಾರಂತೆ. ನಡುವೆ ಬಿಟ್ಟು ಹೋದರೆ ಅದೂ ಇಲ್ಲ. ಇದನ್ನು ಬರುವ ಮೊದಲು ಯಾರೂ ಹೇಳಲಿಲ್ಲ. ರೇಷನ್ ಕಾರ್ಡು ಇದೆಯಲ್ಲ, ಅಲ್ಲಿವರೆಗೆ ಹೇಗೋ ನೂಕಿ ಅತ್ತೆ.

ಒಂದು ಆಸೆ. ಕಾಗದ ಬರೆಯುವಾಗಲೆಲ್ಲ ಬಟಾಣಿಯ ತೋಳಿನ ಸುತ್ತ ದಾರ ಸುತ್ತಿ, ಅಷ್ಟೇ ಕತ್ತರಿಸಿ ಒಳಗಿಡಿ. ಎತ್ತಿಕೊಂಡರೆ ಮೊದಲು ಕೈಗೆ ಸಿಗುವುದು ಅವಳ ತೋಳೇ ಅಲ್ಲವಾ.

ನಿಮ್ಮ ಸೊಸೆ

*

ನವೆಂಬರ್ ೧೯

ಸೊಸೆಗೆ,

ಕಾಗದ ಸಿಕ್ಕಿತು. ಅಕ್ಷರ ಕೋಳಿ ಕೆದರಿದ ಹಾಗಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಂದೇ ವಾಸಿ.

ನೀನು ಕಾರ್ಡು ಇದೆಯಲ್ಲ ಅಂತ ಬರೆದಿದ್ದೀಯ. ಕಾರ್ಡು ಇದೆ, ಗೋಡೆಗೆ ಅಂಟಿಸಿಕೊಳ್ಳಬಹುದು. ಮೊನ್ನೆ ಚೀಲ ಹಿಡಿದು ರೇಷನ್ ಅಂಗಡಿಗೆ ಹೋದರೆ ಅಂಗಡಿಯವನು ಯಂತ್ರಕ್ಕೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡು, “ನಿಮ್ಮನೇಲಿ ಸಂಬಳದವ್ರು ಇದಾರಂತಲ್ಲಜ್ಜಿ, ಕಾರ್ಡು ಬಂದ್ ಆಗಿದೆ” ಅಂದ. “ಸಂಬಳಾನ ನಾವಿನ್ನೂ ಕಣ್ಣಲ್ಲೇ ನೋಡಿಲ್ಲಪ್ಪ” ಅಂದೆ. “ನೀವು ನೋಡದಿದ್ರೂ ಯಂತ್ರ ನೋಡಿದೆ” ಅಂತಾನೆ. ನಿನ್ನ ಕಾರ್ಖಾನೆಯವರು ನಿನ್ನ ಹೆಸರು ಬರೆಸಿದ ದಿನವೇ ನಾವು ಸಾಹುಕಾರರಾಗಿಬಿಟ್ಟೆವು ಕಣೆ. ನನಗೇ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಒಂದು ದಿನವಾದರೂ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದೆ.

ಕಚೇರಿಗೂ ಹೋಗಿದ್ದೆ. ಈ ಕಿಟಕಿ, ಆ ಕಿಟಕಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಮ್ಮನೆ ಅಲ್ಲ. “ಅವ್ರು ಕೆಲ್ಸ ಬಿಟ್ರೆ ಅರ್ಜಿ ಹಾಕಿ” ಅಂದರು.

ನೀನು ಹೆದರಬೇಡ. ಬಟಾಣಿಯ ಪೊಟ್ಟಣ ಬಂದಿದೆ. ನೀರು ಹಾಕಿ ಕುದಿಸಿದರೆ ಪಾತ್ರೆ ತುಂಬಾ ಗಂಜಿ. ಮೇಲೆ ‘ಮಗುವಿಗೆ ಮಾತ್ರ’ ಅಂತ ದೊಡ್ಡದಾಗಿ ಬರೆದಿದ್ದಾರೆ. ಹಸಿವಿಗೆ ಓದು ಬರುತ್ತದೆಯೇ? ಅವಳು ಉಂಡು ಬಿಟ್ಟದ್ದರಲ್ಲಿ ನನ್ನದೂ ನಡೆಯುತ್ತದೆ. ಹೋಟೆಲಿನ ಪರದೆಗಳ ಕೆಲಸವೂ ಸಿಕ್ಕಿದೆ, ತೂಗುಹಾಕಿ ತೋರಿಸಿದ ಮೇಲೆ ದುಡ್ಡು. ಪರದೆ ಗಾಳಿಗೆ ಹಾರದೆ ನೆಟ್ಟಗೆ ನಿಲ್ಲಲಿ ಅಂತ ಅಂಚಿನ ಒಳಗೆ ಕಬ್ಬಿಣದ ಬಿಲ್ಲೆ ಇಟ್ಟು ಹೊಲಿಯಬೇಕಂತೆ. ಚೀಲದ ತುಂಬಾ ಬಿಲ್ಲೆ ಕೊಟ್ಟು ಹೋಗಿದ್ದಾರೆ. ನಿನ್ನ ಮಗಳಿಗೆ ಅದೇ ಆಟದ ಸಾಮಾನು.

ದಾರ ಇಟ್ಟಿದ್ದೇನೆ. ಕೆಂಪು ರೀಲಿನದು.

ನಿನ್ನ ಅತ್ತೆ

*

ಡಿಸೆಂಬರ್ ೩

ಅತ್ತೆ,

ದಾರ ನನ್ನ ಮಂಚದ ಕಂಬಿಗೆ ಸುತ್ತಿದ್ದೇನೆ. ಮಲಗುವಾಗ ಬೆರಳಿಗೆ ಸುತ್ತಿಕೊಳ್ಳುತ್ತೇನೆ, ಎದ್ದಾಗ ಬಿಚ್ಚುತ್ತೇನೆ.

ಕಾರ್ಡಿನ ವಿಷಯ ಓದಿ ಮೇಲಿನವರ ಹತ್ತಿರ ಹೋದೆ. ನನ್ನ ಹೆಸರು ತೆಗೆದುಬಿಡಿ, ಸುಮ್ಮನೆ ಕೆಲಸ ಮಾಡುತ್ತೇನೆ ಅಂದೆ. ನಕ್ಕರು. “ಹೆಸ್ರು ಬೇಡ ಅನ್ನೋರನ್ನ ಇವತ್ತೇ ನೋಡಿದ್ದು” ಅಂದರು. ಸಂಬಳದಲ್ಲಿ ಸ್ವಲ್ಪ ಮುಂಗಡ ಕೇಳಿದೆ. ಅದಕ್ಕೆ ನಗಲೂ ಇಲ್ಲ.

ಇಲ್ಲಿ ನಮಗೆ ಎರಡು ಹೊತ್ತು ಊಟ ಹಾಕುತ್ತಾರೆ. ತಟ್ಟೆಯ ಮುಂದೆ ಕೂತು ಅನ್ನ ಬದಿಗೆ ಸರಿಸುತ್ತೇನೆ. ಪಕ್ಕದ ಯಂತ್ರದವಳು, ಅವಳದೂ ಒಂದು ಮಗು ತಾಯಿ ಮನೆಯಲ್ಲಿದೆ, “ತಿನ್ನೇ, ನೀನು ಉಪವಾಸ ಇದ್ರೆ ಅದರ ಹೊಟ್ಟೆ ತುಂಬತ್ತಾ?” ಅಂತ ಬೈದು ತಿನ್ನಿಸುತ್ತಾಳೆ. ನೆಲದ ಮೇಲೆ ಚೆಲ್ಲಿದ ಹಿಟ್ಟನ್ನು ದಿನವೂ ಗುಡಿಸಿ ಮೂಟೆ ಕಟ್ಟುತ್ತೇವೆ, ಅದು ದನಗಳಿಗೆ ಹೋಗುತ್ತದೆ. ಒಂದು ಹಿಡಿ ಕೇಳಿದವಳನ್ನು ಹೋದ ವಾರ ಮನೆಗೆ ಕಳಿಸಿದರು. ಹೊರಗೆ ಹೋಗುವಾಗ ಕೂದಲು, ಸೊಂಟ, ಚಪ್ಪಲಿ ಎಲ್ಲ ತಡಕುತ್ತಾರೆ.

ನೀವು ಏನು ಉಣ್ಣುತ್ತಿದ್ದೀರಿ ಅಂತ ಬರೆಯಲೇ ಇಲ್ಲ. “ನನ್ನದೂ ನಡೆಯುತ್ತದೆ” ಅಂದರೆ ಏನು? ಈ ತಿಂಗಳ ತೂಕ ಆಯಿತಾ? ನಾನು ಹೊರಡುವಾಗ ಕೇಂದ್ರದ ತೂಕದ ಪಟ್ಟಿಯಲ್ಲಿ ಹಸಿರಿನಿಂದ ಇಳಿದು, ಹಳದಿಯಲ್ಲಿ ಕೆಂಪಿನ ಕಡೆಗೆ ಜಾರುತ್ತಿದ್ದಳು. ಸುಳ್ಳು ಬರೆಯಬೇಡಿ.

ನಿಮ್ಮ ಸೊಸೆ

*

ಡಿಸೆಂಬರ್ ೧೬

ಸೊಸೆಗೆ,

ನನಗೆ ಸುಳ್ಳು ಬರೆಯಬೇಡಿ ಅಂತ ಹೇಳುವಷ್ಟು ದೊಡ್ಡವಳಾದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆಗಲಿ. ನಿಜವನ್ನೇ ಬರೆಯುತ್ತೇನೆ, ಓದಿ ನಗು.

ತೂಕಕ್ಕೆ ಹೋಗುವ ಹಿಂದಿನ ದಿನ ಆ ಎದುರುಮನೆ ಬಾಯಿಬಡುಕಿ ಬಂದಿದ್ದಳು. ಬಟಾಣಿಯನ್ನು ನೋಡಿ, “ಇದು ಕೆಂಪಿಗೆ ಬಂದೇ ಬರತ್ತೆ ಬಿಡಿ. ಕೆಂಪಿಗೆ ಬಂದ್ರೆ ದೊಡ್ಡಾಸ್ಪತ್ರೆಗೆ ಹಾಕ್ತಾರೆ. ತಾಯಿ ಹತ್ರ ಇಲ್ಲದ ಮಗು ಅಂತ ಗೊತ್ತಾದ್ರೆ ಅಲ್ಲಿಂದ ಅನಾಥಾಲಯಕ್ಕೆ. ನಮ್ಮ ಕಡೆಯವ್ರದ್ದು ಹಾಗೇ ಆಯ್ತು” ಅಂದಳು. ಅವಳ ನಾಲಿಗೆಗೆ ಬರೆ ಹಾಕಬೇಕು. ಆದರೆ ಅವಳು ಹೋದ ಮೇಲೆ ಬಾಗಿಲು ಹಾಕಿ ಚಿಲಕ ಜಡಿದೆ ಕಣೆ. ಇರುವುದು ಅದೊಂದೇ. ನನ್ನ ಮಗನದು ಅಂತ ಉಳಿದಿರುವುದು ಅದೊಂದೇ. ಅದನ್ನೂ ಎತ್ತಿಕೊಂಡು ಹೋದರೆ ನಿನಗೆ ಏನು ಮುಖ ತೋರಿಸಲಿ?

ಕಣ್ಣೆದುರಿಗೇ ಬಿಲ್ಲೆಯ ಚೀಲ ಇತ್ತು. ಅವಳ ದಪ್ಪ ಬಟ್ಟೆಯ ಫ್ರಾಕಿನ ಅಂಚು ಬಿಚ್ಚಿ, ಸುತ್ತಲೂ ಬಿಲ್ಲೆ ಇಟ್ಟು, ಎರಡು ಮಡಿಕೆ ಮಾಡಿ ಹೊಲಿದುಬಿಟ್ಟೆ. ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರಿದೆ. ಕೇಂದ್ರದಲ್ಲಿ ತೂಕ ಮಾಡುವ ಅಕ್ಕ ಬಟ್ಟೆ ಬಿಚ್ಚಲು ಬಂದಳು. “ಚಳಿ ಕಣಮ್ಮಾ, ಮಗೂಗೆ ನೆಗಡಿ” ಅಂದೆ. ಪಾಪ, ಒಳ್ಳೆಯವಳು, ಹಾಗೇ ಕೂರಿಸಿದಳು. ಬಿಲ್ಲೆ ಸ್ವಲ್ಪ ಜಾಸ್ತಿ ಆಗಿಹೋಗಿದೆ. ಬಟ್ಟೆ ಅಳೆದು ಗೊತ್ತು, ತೂಕದ ಅಂದಾಜು ನನಗೆಲ್ಲಿಂದ? ಹಳದಿಯಲ್ಲೇ ನಿಲ್ಲಲಿ ಅಂದುಕೊಂಡಿದ್ದೆ, ಸೀದಾ ಹಸಿರಿಗೆ ಹೋದಳು ನಿನ್ನ ಮಗಳು. ತೂಕದಕ್ಕ ಖುಷಿಯಾಗಿ ಎಲ್ಲ ತಾಯಂದಿರಿಗೂ ತೋರಿಸಿ, “ನೋಡಿ, ಅಜ್ಜಿ ಹೇಗೆ ಸಾಕಿದಾರೆ” ಅಂದಳು. ನಾನು ಚಪ್ಪಾಳೆ ತಟ್ಟಿಸಿಕೊಂಡು ಬಂದೆ.

ಇನ್ನು ಯಾರೂ ನಮ್ಮ ಬಾಗಿಲಿಗೆ ಬರುವುದಿಲ್ಲ. ನೀನು ನೆಮ್ಮದಿಯಾಗಿ ದುಡಿ. ಈ ಸಲ ದಾರ ಇಡಲಾಗಲಿಲ್ಲ, ಅಂಚೆಗೆ ಹೊತ್ತಾಯಿತು.

ನಿನ್ನ ಅತ್ತೆ

*

ಡಿಸೆಂಬರ್ ೨೮

ಅತ್ತೆ,

ನಿಮ್ಮ ಕಾಗದ ಓದಿ ಮೊದಲು ನಕ್ಕೆ. ನಿಜ, ನಕ್ಕೆ. ಪಕ್ಕದ ಯಂತ್ರದವಳಿಗೂ ಓದಿ ಹೇಳಿದೆ. ಅವಳು ನಗಲಿಲ್ಲ. “ಹಸಿರಿಗೆ ಬಂದ್ರೆ ಪೊಟ್ಟಣ ನಿಲ್ಸ್ತಾರಲ್ಲೇ” ಅಂದಳು. ನಾನು ನಂಬದೆ ಲಾರಿಯವನನ್ನು ಕೇಳಿದೆ, ಅವನೇ ಕೇಂದ್ರಗಳಿಗೆಲ್ಲ ಮೂಟೆ ಇಳಿಸುವವನು. ಅವನೂ ಅದನ್ನೇ ಹೇಳಿದ. ಕೆಂಪಿನವರಿಗೆ ಆಸ್ಪತ್ರೆ, ಹಳದಿಯವರಿಗೆ ಪೊಟ್ಟಣ, ಹಸಿರಿನವರಿಗೆ ಚಪ್ಪಾಳೆ.

ಅತ್ತೆ, ಅವಳ ಪೊಟ್ಟಣ ನಿಂತಿದೆಯಾ? ಮನೆಯಲ್ಲಿ ಏನಿದೆ? ಒಲೆ ಹಚ್ಚುತ್ತಿದ್ದೀರಾ? ನಾನು ಇಲ್ಲಿ ಊರ ಮಕ್ಕಳಿಗೆಲ್ಲ ಪೊಟ್ಟಣ ಮುಚ್ಚುತ್ತಾ ಕೂತಿದ್ದೇನೆ, ನನ್ನವಳ ಪೊಟ್ಟಣವೇ ಇದರಲ್ಲಿ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಆಯಿತು.

ನಿಮ್ಮ ಮೇಲೆ ಸಿಟ್ಟು ಬಂತು. ತುಂಬಾ ಬಂತು. ಆಮೇಲೆ, ನಾನು ಅಲ್ಲಿದ್ದಿದ್ದರೂ ಅದೇ ಮಾಡುತ್ತಿದ್ದೆನೇನೋ ಅನ್ನಿಸಿತು. ಅವಳನ್ನು ಯಾರಾದರೂ ಎತ್ತಿಕೊಂಡು ಹೋಗುತ್ತಾರೆ ಅಂದರೆ ನಾನು ಬಿಲ್ಲೆಯಲ್ಲ, ಕಲ್ಲನ್ನೇ ಕಟ್ಟುತ್ತಿದ್ದೆ.

ಈಗ ನಾನು ಹೇಳಿದ್ದು ಕೇಳಿ. ಬಿಲ್ಲೆಗಳನ್ನೆಲ್ಲ ತೆಗೆಯಿರಿ. ತೂಕದ ದಿನ ಬರುವವರೆಗೆ ಕಾಯಬೇಡಿ, ಈ ಕಾಗದ ಸಿಕ್ಕ ದಿನವೇ ಅವಳನ್ನು ಎತ್ತಿಕೊಂಡು ಹೋಗಿ ನಡೆದದ್ದನ್ನು ತೂಕದಕ್ಕನಿಗೆ ಹೇಳಿ. ಕಾಲು ಹಿಡಿಯಿರಿ ಬೇಕಾದರೆ. ಮಾನಕ್ಕೆ ಅಂಜಬೇಡಿ. ದಾರ ಮರೆಯಬೇಡಿ.

ನಿಮ್ಮ ಸೊಸೆ

*

ಜನವರಿ ೧೩

ಸೊಸೆಗೆ,

ನಿನ್ನ ಕಾಗದ ತಡವಾಗಿ ಬಂತು. ತೂಕದ ದಿನವೂ ಅದೇ ಹೊತ್ತಿಗೆ ಬಂತು. ಪೊಟ್ಟಣ ನಿಂತು ಅಷ್ಟು ದಿನವಾಗಿತ್ತು, ನಾನು ನಿನಗೆ ಬರೆಯಲಿಲ್ಲ. ಏನಂತ ಬರೆಯಲಿ? ಪರದೆ ತೆಗೆದುಕೊಂಡು ಹೋದ ಹೋಟೆಲಿನವರು ಬಣ್ಣ ಬಳಿಸುತ್ತಿದ್ದಾರೆ, ಗೋಡೆ ಒಣಗಿದ ಮೇಲೆ ತೂಗುಹಾಕುತ್ತಾರಂತೆ, ಆಮೇಲೆ ದುಡ್ಡು. ನಮ್ಮ ಹೊಟ್ಟೆಗೂ ಒಣಗುವವರೆಗೆ ಇರು ಅಂತ ಹೇಳಿದ್ದೇನೆ. ತರಕಾರಿ ಅಂಗಡಿಯವಳು ಸಂಜೆ ಉಳಿದ ಆಲೂಗಡ್ಡೆ ಕೊಡುತ್ತಾಳೆ. ಬೇಯಿಸಿ ಹಿಸುಕಿ ಕೊಡುತ್ತೇನೆ.

ಬಿಲ್ಲೆ ಬಿಚ್ಚಿ, ಹೇಳಿದ ಹಾಗೆಯೇ ಎತ್ತಿಕೊಂಡು ಹೋದೆ. ತೂಕದಕ್ಕ ಮಗುವನ್ನು ಕೂರಿಸಿದಳು, ಇಳಿಸಿದಳು, ತಟ್ಟೆ ಒರೆಸಿದಳು, ಮತ್ತೆ ಕೂರಿಸಿದಳು. ಸರ್ಕಾರ ಕೊಟ್ಟ ಫೋನಿನಂಥ ಯಂತ್ರದಲ್ಲಿ ತೂಕ ಬರೆಯಲು ಹೋದರೆ ಅದು ತೆಗೆದುಕೊಳ್ಳುತ್ತಿಲ್ಲ. ಒಂದು ತಿಂಗಳಲ್ಲಿ ಇಷ್ಟು ಇಳಿಯಲು ಸಾಧ್ಯವಿಲ್ಲ, ತೂಕ ತಪ್ಪು, ಮತ್ತೆ ಮಾಡಿ ಅನ್ನುತ್ತಿದೆ. ಆಗ ನಾನು ಬಾಯಿ ಬಿಟ್ಟೆ. ಅವಳು ಫ್ರಾಕಿನ ಅಂಚು ತಿರುಗಿಸಿ ನೋಡಿದಳು. ಬಿಚ್ಚಿದ ಹೊಲಿಗೆಯ ತೂತುಗಳು ಸುತ್ತಲೂ ಹಾಗೇ ಇದ್ದವು.

ಬೈಯುತ್ತಾಳೆ ಅಂದುಕೊಂಡೆ. ಬಾಗಿಲು ಹಾಕಿಕೊಂಡು ಅತ್ತಳು. “ಅಜ್ಜಿ, ಹಸಿರು ಅಂತ ಸಹಿ ಹಾಕಿರೋಳು ನಾನು. ನನ್ ಕೆಲ್ಸ ಹೋಗತ್ತೆ, ನಂಗೂ ಮಕ್ಕಳಿದಾರೆ” ಅಂದಳು. ಆಮೇಲೆ ಕಣ್ಣೊರೆಸಿಕೊಂಡು, ಮೂಟೆಯ ತಳದಲ್ಲಿದ್ದ ಹಿಟ್ಟು ಕೊಡವಿ ಒಂದು ಲೋಟದಷ್ಟು ಕಟ್ಟಿಕೊಟ್ಟಳು. ದೊಡ್ಡ ಸಾಹೇಬರು ಬಂದು ನೋಡಿದರೆ ಮಾತ್ರ ಯಂತ್ರ ತಿದ್ದುವುದಂತೆ, ಅವರು ಬರುವುದು ತಿಂಗಳ ಕೊನೆಗೆ. “ಅಲ್ಲೀವರ್ಗೂ ಕಾಯ್ಬೇಡಿ, ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ಅಲ್ಲಿ ಯಂತ್ರ ಕೇಳಲ್ಲ” ಅಂದಳು. ನಾನು ಹೂಂ ಅಂದೆ. ಮನೆಗೆ ಬಂದೆ. ನಿನ್ನನ್ನು ಕೇಳದೆ ಹೇಗೆ ಕೊಡಲಿ? ಕೊಟ್ಟ ಮೇಲೆ ವಾಪಸ್ಸು ಕೊಡದಿದ್ದರೆ?

ಮಗು ಹಟ ಮಾಡುತ್ತಿಲ್ಲ, ಅದೊಂದು ಸಮಾಧಾನ. ಮೊದಲೆಲ್ಲ ಪಾತ್ರೆಯ ಸದ್ದಾದರೆ ಓಡಿ ಬರುತ್ತಿದ್ದಳು. ಈಗ ಕೂರಿಸಿದಲ್ಲಿ ಕೂತಿರುತ್ತಾಳೆ. ಅಳುವುದೂ ಇಲ್ಲ. ಬಿಲ್ಲೆ ಮುಂದಿಟ್ಟರೂ ಮುಟ್ಟುವುದಿಲ್ಲ. ಜಾಣೆಯಾಗಿದ್ದಾಳೆ.

ದಾರ ಇಟ್ಟಿದ್ದೇನೆ. ನೋಡಬೇಡ ಅನ್ನಲಾರೆ.

ಅತ್ತೆ

*

ಜನವರಿ ೨೧

ಅತ್ತೆ,

ಎರಡು ದಾರವನ್ನೂ ಮಂಚದ ಮೇಲೆ ಪಕ್ಕಪಕ್ಕ ಇಟ್ಟೆ. ಬೆಳೆಯುವ ಮಗುವಿನ ತೋಳು ಚಿಕ್ಕದಾಗುತ್ತದಾ? ಪಕ್ಕದ ಯಂತ್ರದವಳು ನೋಡಿ ನನ್ನ ಬಟ್ಟೆ ಮಡಚಿ ಚೀಲಕ್ಕೆ ತುಂಬತೊಡಗಿದಳು.

ಅಳದ ಮಗು ಜಾಣೆ ಅಲ್ಲ ಅತ್ತೆ. ಅಳುವುದಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕು.

ಈ ಕಾಗದವನ್ನು ಓದುತ್ತಾ ಕೂರಬೇಡಿ. ಇಲ್ಲಿಗೇ ಮಡಚಿ, ಅವಳನ್ನು ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಹೊರಡಿ. ಉಳಿದದ್ದು ಆಮೇಲೆ ಓದಿ. ತೆಗೆದುಕೊಂಡು ಹೋಗುತ್ತಾರೆ ಅಂತ ಹೆದರಿಕೆಯಾದರೆ, ತೆಗೆದುಕೊಂಡು ಹೋಗಲಿ. ಅನಾಥಾಲಯದಲ್ಲಾದರೂ ಇರಲಿ. ಇದ್ದರೆ ನಾನು ಹುಡುಕಿಕೊಂಡು ಹೋಗುತ್ತೇನೆ. ಎಷ್ಟು ವರ್ಷ ಆದರೂ ಹುಡುಕುತ್ತೇನೆ. ಇಲ್ಲದವಳನ್ನು ಎಲ್ಲಿ ಹುಡುಕಲಿ?

ನಾನು ಹೊರಟಿದ್ದೇನೆ. ಲಾರಿಯವನು ಈ ಕಾಗದವನ್ನು ನಾಳೆಯೇ ನಿಮಗೆ ಮುಟ್ಟಿಸುತ್ತಾನೆ, ಆದರೆ ಹೆಂಗಸರನ್ನು ಹತ್ತಿಸಿಕೊಂಡರೆ ಅವನ ಕೆಲಸ ಹೋಗುತ್ತದೆ. ಲೆಕ್ಕದವರು ನನ್ನನ್ನು ಬಿಟ್ಟುಕೊಡುವುದಕ್ಕೆ ಕೆಲವು ದಿನ ಹಿಡಿಯುತ್ತದಂತೆ, ಫೋನು, ಗುರುತಿನ ಚೀಟಿ ಎಲ್ಲ ಅವರ ಬೀಗದಲ್ಲಿದೆ. ಮೂರು ತಿಂಗಳು ತುಂಬಲು ಇನ್ನು ಸ್ವಲ್ಪವೇ ಬಾಕಿ. “ಯೋಚ್ನೆ ಮಾಡಮ್ಮ, ಎಲ್ಲಾ ನೀರಲ್ಲಿ ಹೋಮ ಆಗತ್ತೆ” ಅಂದರು. ಯೋಚನೆ ಮಾಡಿಯೇ ಬಂದಿದ್ದೇನೆ ಅಂದೆ.

ಬರಿಗೈಯಲ್ಲಿ ಬರುವುದಿಲ್ಲ. ಗೇಟಿನಲ್ಲಿ ಕೂದಲು ತಡಕುತ್ತಾರೆ, ಸೊಂಟ ತಡಕುತ್ತಾರೆ. ಲಂಗದ ಅಂಚನ್ನು ಯಾರೂ ಮುಟ್ಟುವುದಿಲ್ಲ. ಎರಡು ಮಡಿಕೆ ಮಾಡಿ ಉದ್ದಕ್ಕೂ ಹಿಟ್ಟು ತುಂಬಿ ಹೊಲಿದಿದ್ದೇನೆ. ನೆಲಕ್ಕೆ ಬಿದ್ದದ್ದಲ್ಲ, ಒಳ್ಳೆಯದು, ಮೂಟೆಯಿಂದಲೇ ತೆಗೆದದ್ದು. ಹೊಲಿಗೆ ನಿಮ್ಮಿಂದ ಕಲಿತದ್ದೇ. ಬಿಚ್ಚಿಕೊಳ್ಳುವುದಿಲ್ಲ.

ಬಟಾಣಿಯ ಅಮ್ಮ

*

ಜನವರಿ ೨೭

ಸೊಸೆಗೆ,

ಒಂದು ಪಾತ್ರೆ, ಒಂದು ಹೊದಿಕೆ ತೆಗೆದುಕೊಂಡು ಹೋಗಲು ಮನೆಗೆ ಬಂದಿದ್ದೇನೆ. ಈ ಕಾಗದವನ್ನು ಬಾಗಿಲಿಗೆ ಸೂಜಿಯಿಂದ ಚುಚ್ಚಿ ಹೋಗುತ್ತೇನೆ. ನೀನು ಬೀಗ ತೆಗೆಯುವ ಮೊದಲು ಇದನ್ನು ಓದು. ಒಳಗೆ ಹೋಗಿ ಏನೂ ಪ್ರಯೋಜನವಿಲ್ಲ, ಡಬ್ಬಿಗಳನ್ನು ತೆರೆದು ನೋಡಬೇಡ.

ನೀನು ಮಡಚು ಅಂದಲ್ಲಿಗೇ ಕಾಗದ ಮಡಚಿದೆ. ಅವಳನ್ನು ಎತ್ತಿಕೊಂಡೆ. ಎತ್ತಿದ್ದೇ ಗೊತ್ತಾಗಲಿಲ್ಲ ಕಣೆ. ತೂಕದಕ್ಕ ತಾನೂ ಬರುತ್ತೇನೆ ಅಂತ ಕೇಂದ್ರಕ್ಕೆ ಬೀಗ ಹಾಕಿ ಜೊತೆಗೆ ಬಂದಳು. ಹೋದ ಕೂಡಲೇ ನರ್ಸಮ್ಮ ತೋಳಿಗೆ ಒಂದು ಪಟ್ಟಿ ಸುತ್ತಿದಳು, ಬಣ್ಣ ಬಣ್ಣದ್ದು, ನಿನ್ನ ದಾರದ ಹಾಗೆಯೇ. ಕೆಂಪಿಗೆ ನಿಂತಿತು. “ನೀವು ತಾಯೀನಾ?” ಅಂತ ಕೇಳಿದಳು. ಅಲ್ಲ ಅಂದೆ. ಈಗ ಕೇಳುತ್ತಾಳೆ, ತಾಯಿ ಎಲ್ಲಿ ಅಂತ ಕೇಳಿ ಕಿತ್ತುಕೊಳ್ಳುತ್ತಾಳೆ ಅಂತ ಕಾದೆ. ಅವಳು ಕೇಳಿದ್ದು, “ಅಜ್ಜಿ, ನೀವು ಊಟ ಮಾಡಿ ಎಷ್ಟು ದಿನ ಆಯ್ತು?” ಅಂತ. ಆ ಬಾಯಿಬಡುಕಿ ಹೇಳಿದ್ದೆಲ್ಲ ಅಲ್ಲೇ ಸುಳ್ಳಾಯಿತು. ಅದೊಂದು ಸುಳ್ಳಿಗೆ ನಾನು ನಮ್ಮ ಮಗುವನ್ನು ಇಲ್ಲಿವರೆಗೆ ತಂದೆ.

ಕೈಗೆ ಸೂಜಿ ಚುಚ್ಚಲು ಅವಸರ ಇತ್ತು, ಫ್ರಾಕನ್ನು ಕತ್ತರಿಯಿಂದ ಕತ್ತರಿಸಿ ತೆಗೆದರು. ಅಂಚಿನ ಮೂಲೆಯಲ್ಲಿ ಒಂದು ಬಿಲ್ಲೆ ಉಳಿದುಬಿಟ್ಟಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಠಣ್ ಅಂತ ನೆಲಕ್ಕೆ ಬಿತ್ತು. “ಇದೇನಿದು?” ಅಂದಳು ನರ್ಸಮ್ಮ. “ಪರದೆ ನೆಟ್ಟಗೆ ನಿಲ್ಲಲಿ ಅಂತ ಹಾಕೋದು” ಅಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ. ತೂಕದಕ್ಕ ಅದನ್ನು ಎತ್ತಿ ನನ್ನ ಕೈಯಲ್ಲಿಟ್ಟು ಬೆರಳು ಮಡಚಿದಳು.

ಐದು ದಿನ ಹಾಗೇ ಮಲಗಿದ್ದಳು. ಹನಿಹನಿಯಾಗಿ ಹಾಲು ಕುಡಿಸುತ್ತಾರೆ, ಜಾಸ್ತಿ ಕೊಟ್ಟರೆ ತಡೆಯಲಾರಳಂತೆ. ಇನ್ನೂ ಗಟ್ಟಿಯಾಗಿ ಏನೂ ಹೇಳುತ್ತಿಲ್ಲ ಡಾಕ್ಟರು. ನಾನು ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದೆ. ಇವತ್ತು ಬೆಳಗ್ಗೆ ಅತ್ತಳು. ಮೊದಲು ಬೆಕ್ಕಿನ ಮರಿಯ ಹಾಗೆ, ಆಮೇಲೆ ಇಡೀ ವಾರ್ಡಿಗೆ ಕೇಳುವ ಹಾಗೆ. ಪಕ್ಕದ ಮಂಚದವರು, “ಸುಮ್ನಿರ್ಸಿ ಅಜ್ಜಿ, ನಮ್ ಮಗು ಏಳತ್ತೆ” ಅಂದರು. “ಅಳ್ಲಿ ಬಿಡಿ” ಅಂದೆ. ಅವಳ ಜೊತೆಗೆ ನಾನೂ ಅತ್ತೆ. ನಮ್ಮಿಬ್ಬರನ್ನೂ ಬೈದರು.

ಇಲ್ಲಿ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ನಿನ್ನ ಹಿಟ್ಟು ಈಗ ಅವಳಿಗೆ ಬೇಡ. ತೂಕ ಬಂದ ಕೂಡಲೇ ಮನೆಗೆ ಕಳಿಸುತ್ತಾರಂತೆ. ನಾನು ಕೇಳಿದೆ, ಮನೆಗೆ ಕಳಿಸಿದ ಮೇಲೆ? ನರ್ಸಮ್ಮ, “ಪೌಷ್ಟಿಕವಾಗಿ ತಿನ್ಸಿ” ಅಂದಳು. ಕಾರ್ಡಿಗೆ ಅರ್ಜಿ ಹಾಕಿದರೆ ನೋಡುತ್ತಾರಂತೆ. ಪೊಟ್ಟಣಕ್ಕೆ ಸಾಹೇಬರು ಬರಬೇಕು. ಹೋಟೆಲಿನ ಗೋಡೆ ಇನ್ನೂ ಒಣಗಿಲ್ಲ.

ಬೇಗ ಬಾ. ಲಂಗದ ಅಂಚು ಮಾತ್ರ ಬಿಚ್ಚಬೇಡ. ಅವಳು ಮನೆಗೆ ಬಂದ ದಿನ ಬೇಕಾಗುತ್ತದೆ.

ನಿನ್ನ ಅತ್ತೆ